ಊಟಿ ಕ್ಯಾನ್ಸಲ್

ಬೆಂಗಳೂರಿನಿಂದ ಊಟಿಗೆ ಹೊರಟ ಕಾರು ಬಂಡೀಪುರದ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟುವಷ್ಟರಲ್ಲಿ ರಾತ್ರಿ 9 ದಾಟಿತ್ತು. ಹಿಂದಿನ ಸೀಟಿನಲ್ಲಿ ನಾಯಿಗಳು, ಟಾಮಿ ಮತ್ತು ರಾಣಿ.

ಗಾರ್ಡ್ ಗೇಟು ಹಾಕಿದ್ದ. “ಬೆಳಿಗ್ಗೆ 6ಕ್ಕೆ ಬನ್ನಿ ಸಾರ್. 2009ರಿಂದ ಇದೇ ರೂಲ್ಸು. ಎಮರ್ಜೆನ್ಸಿ ಇದ್ರೆ ಮಾತ್ರ ಬಿಡೋದು.”

“ರಾಣಿಗೆ ಎಮರ್ಜೆನ್ಸಿನೇ!”

“ಇಲ್ಲಿ ಇಳಿಸ್ಬೇಡಿ. ಚಿರತೆಗೆ ನಾಯಿ ಅಂದ್ರೆ ಪ್ರಾಣ.”

ಗಂಡ ಗೊಣಗಿದ. “ಇವುಗಳಿಂದಲೇ ಲೇಟು.”

“ಪಾಪ, ಮದ್ದೂರಲ್ಲಿ ವಡೆಗೆ ಅಂತ ಕಾರು ನಿಲ್ಲಿಸಿದ್ದು ಟಾಮಿನಾ?”

ಗೇಟು ಹಾಕುವುದು ಆನೆ, ಜಿಂಕೆ ವಾಹನಕ್ಕೆ ಸಿಕ್ಕಿ ಸಾಯಬಾರದೆಂದು. ಪ್ರವಾಸಿಗರಿಗೆ ಮಾತ್ರ ಅದು ತಮ್ಮ ವಿರುದ್ಧದ ಸಂಚು.

ವಾಪಸು ಬಂದು ಗುಂಡ್ಲುಪೇಟೆ ಲಾಡ್ಜು. “ಫ್ಯಾಮಿಲಿ ರೂಮಿದೆ. ನಾಯಿಗಿಲ್ಲ.”

“ಇವೂ ಫ್ಯಾಮಿಲಿನೇ ರೀ.”

“ಹಾಗಾದ್ರೆ ಆಧಾರ್ ಕೊಡಿ.”

“ಮೈಸೂರಲ್ಲಿ ನಮ್ಮಣ್ಣನ ಮನೆಗೆ ಹೋಗೋಣ ರೀ.”

“ಅವರಿಗೆ ನಾಯಿ ಕಂಡ್ರೆ ಆಗಲ್ವಲ್ಲೇ.”

“ನಿಮ್ಮನ್ನ ಕಂಡ್ರೂ ಆಗಲ್ಲ. ಒಟ್ಟಿಗೇ ಸಹಿಸ್ಕೋತಾನೆ, ಗಾಡಿ ತಿರುಗಿಸಿ.”