ಶ್ರೇಷ್ಠ ಬೌಲರ್ ನಿರ್ಣಯ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅಧಿಕಾರಿ ಯಾರೆಂದು ಹೇಳುವುದು ವಾಡಿಕೆ. ಸರ್ವಶ್ರೇಷ್ಠ ಬೌಲರ್ ಯಾರೆಂಬ ಜಿಜ್ಞಾಸೆಗೆ ಅಧಿಕಾರಿಯಾದವನು ಸ್ವತಃ ಆರು ಚೆಂಡನ್ನು ನೆಟ್ಟಗೆ ಎಸೆದಿರಬಾರದು. ಎದುರಿನವನ ಮಾತು ಮುಗಿಯುವ ತನಕ ಕಾಯುವ ದುರಭ್ಯಾಸ ಇರಬಾರದು. ಮನೆಯಲ್ಲಿ ಮಾಡಬೇಕಾದ ಕೆಲಸ ಮಾತ್ರ ಬಾಕಿ ಇರಲೇಬೇಕು. ಪ್ರಯೋಜನವೇನೆಂದು ಕೇಳುವವರು ಅನಧಿಕಾರಿಗಳು.

ನೈಯಾಯಿಕರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವಲು ಆಡುವುದು ವಿತಂಡ. ಬೌಲರ್ ಚರ್ಚೆಯು ಕಾಫಿ ಬರುವ ತನಕ ವಾದ, ಲೋಟ ಖಾಲಿಯಾಗುವ ತನಕ ಜಲ್ಪ, ಆಮೇಲೆ ಹೋಟೆಲಿನವರು ಮೇಜು ಒರೆಸಲು ಬರುವವರೆಗೂ ವಿತಂಡ.

ಇನ್ನು ಪಂಥಗಳು. ಅತ್ಯಂತ ಪ್ರಾಚೀನವೂ ಜನಬಹುಳವೂ ಆದದ್ದು ಸಂಖ್ಯಾಪಂಥ. ಸಾಂಖ್ಯ ದರ್ಶನದ ಮೂಲಪುರುಷ ಕಪಿಲ ಮಹರ್ಷಿಯಷ್ಟೆ. ಈ ಪಂಥವೂ ಒಂದು ಕಾಲಕ್ಕೆ 434 ವಿಕೆಟ್‌ಗಳ ಕಪಿಲನನ್ನೇ ಆರಾಧಿಸುತ್ತಿತ್ತು. ಈಗ ಅದರ ಪರಬ್ರಹ್ಮ ಮುತ್ತಯ್ಯ ಮುರಳೀಧರನ್. 2010ರಲ್ಲಿ ಗಾಲೆಯಲ್ಲಿ ತನ್ನ ಟೆಸ್ಟ್ ಜೀವನದ ಕೊನೆಯ ಎಸೆತಕ್ಕೆ ಪ್ರಜ್ಞಾನ್ ಓಝಾನನ್ನು ಔಟ್ ಮಾಡಿ, ಕರಾರುವಾಕ್ಕಾಗಿ 800ಕ್ಕೆ ಲೆಕ್ಕ ಮುಗಿಸಿದ ಮಹಾನುಭಾವ. ಎಂಟುನೂರೆಂದರೆ ಎಂಟುನೂರು, ಇನ್ನೇನು ಚರ್ಚೆ ಎಂದು ಪಂಥದವರು ಎದ್ದು ಹೊರಡುವಷ್ಟರಲ್ಲಿ ಖಂಡನಕಾರ ತೋಳು ಹಿಡಿದು ಕೂರಿಸುತ್ತಾನೆ. ಜಿಂಬಾಬ್ವೆ ಮತ್ತು ಬಾಂಗ್ಲಾದೇಶಗಳ ವಿರುದ್ಧ ಮುರಳಿ ಪಡೆದದ್ದು 176. ಶೇನ್ ವಾರ್ನ್‌ಗೆ ಅವರಿಂದ ಸಿಕ್ಕಿದ್ದು ಬರೀ 17. ಅದನ್ನು ಕಳೆದು ನೋಡಿ ಸ್ವಾಮಿ, ವಾರ್ನ್ 691, ಮುರಳಿ 624! ಕಳೆಯುವುದಕ್ಕೆ ಒಮ್ಮೆ ಒಪ್ಪಿಕೊಂಡರೆ ಸಂಖ್ಯಾಪಂಥಕ್ಕೆ ಉಳಿಗಾಲವಿಲ್ಲ. ಇವತ್ತು ಜಿಂಬಾಬ್ವೆ ಕಳೆದವನು ನಾಳೆ ಇಂಗ್ಲೆಂಡಿನ ಮೋಡಗಳನ್ನು ಕಳೆದು ಆಂಡರ್ಸನ್ನನ 704ಕ್ಕೂ ಕೈಹಾಕುತ್ತಾನೆ.

ಇದರಿಂದ ಸಿಡಿದು ಹುಟ್ಟಿದ್ದು ಸರಾಸರಿಪಂಥ. ಎಷ್ಟು ಪಡೆದ ಎನ್ನುವುದಲ್ಲ, ಎಷ್ಟು ರನ್ ಕೊಟ್ಟು ಪಡೆದ ಎನ್ನುವುದು ಮುಖ್ಯ ಎಂಬುದು ಅದರ ಮಹಾವಾಕ್ಯ. ಮಾಲ್ಕಮ್ ಮಾರ್ಷಲ್ 20.94, ಜೋಯೆಲ್ ಗಾರ್ನರ್ 20.97, ಕರ್ಟ್ಲಿ ಆಂಬ್ರೋಸ್ 20.99. ದಶಾಂಶ ಬಿಂದುವಿನಾಚೆ ಜಗಳವಾಡುವ ಸುಖ ಬೇರೆಲ್ಲೂ ಇಲ್ಲ. ಆದರೆ ಈ ತರ್ಕ ಹಿಡಿದು ಕೊನೆತನಕ ಹೋದರೆ ಸಿಗುವವನು ಹತ್ತೊಂಬತ್ತನೇ ಶತಮಾನದ ಜಾರ್ಜ್ ಲೋಹ್‌ಮನ್: 18 ಟೆಸ್ಟ್, 112 ವಿಕೆಟ್, ಸರಾಸರಿ 10.75. ಅವನನ್ನು ಯಾರೂ ಕಂಡಿಲ್ಲವಾದ್ದರಿಂದ ಪಂಥದವರು ಅವಸರವಾಗಿ ‘ಕನಿಷ್ಠ 200 ವಿಕೆಟ್’ ಎಂಬ ಸೂತ್ರ ಸೇರಿಸಿದರು. ಜಸ್‌ಪ್ರೀತ್ ಬುಮ್ರಾಗೆ ಇದು ಹೇಳಿ ಮಾಡಿಸಿದ ಸೂತ್ರ. ಇಪ್ಪತ್ತಕ್ಕಿಂತ ಕಡಿಮೆ ಸರಾಸರಿಯಲ್ಲಿ 200 ಮುಟ್ಟಿದ ಮೊದಲ ಬೌಲರ್ ಅವನೇ. ಆದರೆ 27 ಟೆಸ್ಟ್‌ಗಳಲ್ಲಿ 189 ಪಡೆದ ಸಿಡ್ನಿ ಬಾರ್ನ್ಸ್ ಬಾಗಿಲಾಚೆ ಉಳಿದ. ಅವನ ಪಕ್ಕದಲ್ಲಿ, ಸರಿಯಾಗಿ ಅಷ್ಟೇ 189ರೊಂದಿಗೆ, ನಮ್ಮ ಎರಪಳ್ಳಿ ಪ್ರಸನ್ನ! ಈ ಒಂದೇ ಕಾರಣಕ್ಕೆ ಬೆಂಗಳೂರು, ಮೈಸೂರುಗಳಲ್ಲಿ ಸರಾಸರಿಪಂಥಕ್ಕೆ ಮಠ ಕಟ್ಟಲು ಜಾಗ ಸಿಗಲಿಲ್ಲ.

ಪ್ರತ್ಯಕ್ಷಪಂಥಕ್ಕೆ ಒಂದೇ ಎಸೆತ ಸಾಕು. 1993ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ವಾರ್ನ್ ಎಸೆದದ್ದು ಲೆಗ್ ಸ್ಟಂಪಿನಾಚೆ ಬಿದ್ದು, ಮೈಕ್ ಗ್ಯಾಟಿಂಗ್‌ನ ಬ್ಯಾಟನ್ನು ದಾಟಿ ಆಫ್ ಸ್ಟಂಪಿಗೆ ತಾಗಿತು. ಆತ ಏನಾಯಿತೆಂದು ತಿಳಿಯದೆ ನಿಂತುಬಿಟ್ಟ. ಅದೇ ವಾರ್ನ್ ಭಾರತದಲ್ಲಿ ಒಂದೊಂದು ವಿಕೆಟ್‌ಗೂ 43 ರನ್ ತೆತ್ತನಲ್ಲ ಎಂದರೆ, ‘ಆ ವಿಡಿಯೊ ನಾನು ನೋಡಿಲ್ಲ’ ಎಂಬ ಉತ್ತರ ಬರುತ್ತದೆ.

ಇದಕ್ಕಿಂತ ಬಲಿಷ್ಠವಾದದ್ದು ಶ್ರುತಿಪಂಥ, ಅಂದರೆ ರೇಡಿಯೊ ಕಿವಿಗಿಟ್ಟುಕೊಂಡು ಬೆಳೆದವರದು. 1971ರ ಓವಲ್ ಟೆಸ್ಟ್‌ನಲ್ಲಿ ಪೋಲಿಯೊ ತಾಗಿದ್ದ ಬಲಗೈಯಿಂದ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದನ್ನು ಇವರು ಕೇಳಿದ್ದಾರೆ. ಕೇಳಿದ್ದಕ್ಕೆ ರೀಪ್ಲೇ ಇಲ್ಲ, ಹಾಗಾಗಿ ಖಂಡನೆಯೂ ಇಲ್ಲ. ಚಂದ್ರ ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 242, ಹೊಡೆದ ರನ್ 167. ಬೇರೆ ಪಂಥದವರಿಗೆ ಇದು ನಗೆಚಾಟಿಕೆ, ಶ್ರುತಿಪಂಥಕ್ಕೆ ಏಕಾಗ್ರತೆಯ ಪರಮ ಪ್ರಮಾಣ. ಕುಂಬ್ಳೆಯ ಅನುಯಾಯಿಗಳು ಇಲ್ಲಿ ಮಧ್ಯೆ ಬಾಯಿ ಹಾಕಿ, 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾನನ್ನು ಔಟ್ ಮಾಡಿದ ಕಥೆ ತೆಗೆಯುತ್ತಾರೆ. ಅದು ಭಕ್ತಿಮಾರ್ಗ. ಭಕ್ತಿಯ ಮುಂದೆ ತರ್ಕ ಸುಮ್ಮನಾಗುತ್ತದೆ. ನನ್ನ ತರ್ಕವಂತೂ ಸುಮ್ಮನಾಗಿದೆ.

ವೈತಂಡಿಕರದು ನಾಲ್ಕು ಸಾಲು. ಮುರಳಿಯೇ? ಕೈ ಮಡಚುತ್ತಿದ್ದ. ಆಂಡರ್ಸನ್ನೇ? ಮೋಡ ಇರಬೇಕು. ಕುಂಬ್ಳೆಯೇ? ಚೆಂಡು ಎಲ್ಲಿ ತಿರುಗುತ್ತಿತ್ತು ಹೇಳಿ. ನಿಮ್ಮ ಪ್ರಕಾರ ಯಾರಪ್ಪ ಎಂದು ಕೇಳಿದರೆ ಬಿಲ್ ಕೊಡಲು ಎದ್ದು ಹೋಗುತ್ತಾರೆ, ಕೊಡುವುದಿಲ್ಲ.

ಮೀಮಾಂಸಕರಲ್ಲಿ ಕೆಲವರು ಅನುಪಲಬ್ಧಿಯನ್ನೂ ಪ್ರಮಾಣವೆಂದು ಎಣಿಸುತ್ತಾರೆ. ಇಲ್ಲದಿರುವುದರಿಂದಲೇ ಒಂದನ್ನು ತಿಳಿಯುವುದು. ಮೇಲಿನ ಯಾವ ಪಂಥದ ಬಾಯಲ್ಲೂ ಜೂಲನ್ ಗೋಸ್ವಾಮಿಯ ಹೆಸರು ಬರಲಿಲ್ಲ. ಮಹಿಳೆಯರ ಏಕದಿನ ಪಂದ್ಯಗಳಲ್ಲಿ ಆಕೆಯಷ್ಟು ವಿಕೆಟ್ ಪಡೆದವರು ಮತ್ತೊಬ್ಬರಿಲ್ಲ, 255. ಇದರಿಂದ ಪಂಥಗಳ ವಿಚಾರವಾಗಿ ಏನು ತಿಳಿಯಬೇಕೋ ಅದು ತಿಳಿಯಿತು.

ಇಷ್ಟು ಪೂರ್ವಪಕ್ಷ. ಸಿದ್ಧಾಂತವಿದು: ಪಿಚ್‌ಗೆ ಎರಡು ತುದಿ. ವಿಕೆಟ್ ಬರೆದುಕೊಳ್ಳುವವನು ಒಂದು ತುದಿಯವನು, ಅದಕ್ಕೆ ಬ್ಯಾಟರನ್ನು ಹದಮಾಡಿ ಕಳಿಸುವವನು ಇನ್ನೊಂದು ತುದಿಯವನು. ಮೆಕ್‌ಗ್ರಾ ಕಟ್ಟಿಹಾಕಿದವರು ವಾರ್ನ್‌ಗೆ ಬೀಳುತ್ತಿದ್ದರು, ವಾಸಿಂ ಬೆದರಿಸಿದವರು ವಕಾರ್‌ಗೆ. ಜೊತೆಗಾರ ಗಟ್ಟಿಯಿದ್ದರೆ ಒತ್ತಡವೂ ಅವನಿಂದ ಬರುತ್ತದೆ, ವಿಕೆಟ್‌ನಲ್ಲಿ ಪಾಲೂ ಅವನಿಗೆ ಹೋಗುತ್ತದೆ. ಹ್ಯಾಡ್ಲಿಯಂತೆ ಒಂಟಿಯಾದವನಿಗೆ ನೆರವಿಲ್ಲ, ಪಾಲುಗಾರರ ಕಾಟವೂ ಇಲ್ಲ. ಇದನ್ನು ತೂಗಿ ಕೊಡುವ ಸರಾಸರಿ ಇನ್ನೂ ಹುಟ್ಟಿಲ್ಲ. ಈ ಎದುರುತುದಿ ಪಂಥದ ಆದಿಗುರು ಬಾಪು ನಾಡಕರ್ಣಿ. 1964ರ ಮದ್ರಾಸ್ ಟೆಸ್ಟ್‌ನಲ್ಲಿ ಸತತ 131 ಎಸೆತಗಳಿಗೆ ಒಂದು ರನ್ನನ್ನೂ ಕೊಡಲಿಲ್ಲ. 32 ಓವರ್, 27 ಮೇಡನ್, 5 ರನ್, ವಿಕೆಟ್ ಸೊನ್ನೆ.

ಸಿದ್ಧಾಂತಕ್ಕೆ ಎರಡು ದೃಷ್ಟಾಂತಗಳುಂಟು, ಎರಡೂ ಪರಸ್ಪರ ವಿರುದ್ಧ. 1956ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ಇಪ್ಪತ್ತು ವಿಕೆಟ್‌ಗಳಲ್ಲಿ ಹತ್ತೊಂಬತ್ತನ್ನು ಜಿಮ್ ಲೇಕರ್ 68 ಓವರ್‌ಗಳಲ್ಲಿ ಪಡೆದ. ಅದೇ ಪಿಚ್‌ನಲ್ಲಿ ಟೋನಿ ಲಾಕ್ ಅವನಿಗಿಂತ ಒಂದು ಓವರ್ ಹೆಚ್ಚೇ ಎಸೆದು, ಜೀವ ತೇದು, ಪಡೆದದ್ದು ಒಂದು. 1999ರಲ್ಲಿ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆಗೆ ಬಿದ್ದಾಗ, ಇನ್ನೊಂದು ತುದಿಯಲ್ಲಿದ್ದ ಜಾವಗಲ್ ಶ್ರೀನಾಥ್ ಹತ್ತನೆಯದು ಎಲ್ಲಿ ತನಗೆ ಬಿದ್ದೀತೋ ಎಂದು ಹೆದರಿ, ಚೆಂಡನ್ನು ಸ್ಟಂಪ್‌ಗಳಿಂದ ಮಾರು ದೂರ ಎಸೆದರು. ವಾಸಿಂ ಅಕ್ರಂ ಕ್ಯಾಚಿತ್ತು, ಕುಂಬ್ಳೆಗೆ 74ಕ್ಕೆ 10 ಆಯಿತು. ವಿಕೆಟ್ ಬೇಕೆಂದು ಎಸೆದೂ ಪಡೆಯದ ಲಾಕ್, ಬೇಡವೆಂದು ಎಸೆದು ಪಡೆಯದ ಶ್ರೀನಾಥ್, ಇಬ್ಬರಲ್ಲಿ ಯಾರ ಕೆಲಸ ಕಷ್ಟದ್ದು ಎಂಬುದು ದ್ವಿತೀಯ ಪ್ರಕರಣದ ವಿಷಯ. ಅದಕ್ಕೆ ಇನ್ನೊಂದು ಕಾಫಿ ಬೇಕು.