ಹನ್ನೊಂದು ತಿಂಗಳ ಪಂಚಾಂಗದ ಮಾಲಕರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಮಸ್ತ ಮನಿ ಮಾಲಕರೇ,

ಬಾಡಿಗೆ ಕರಾರು ಮುಗಿಯುತ್ತ ಬಂತು. "ಬರೂ ತಿಂಗಳಿಂದ ಸ್ವಲ್ಪ ನೋಡಿ ಕೊಡ್ರಿ ಸರ್" ಎಂದು ನೀವು ಹೇಳಿಯೂ ಆಯಿತು. ಆ ಸ್ವಲ್ಪ ಎಷ್ಟು ಎಂದರೆ, "ಊರಾಗ ಏನ್ ರೇಟ್ ನಡದೈತಿ, ನೀವೇ ವಿಚಾರ್ಸ್ರಿ" ಎಂದಿರಿ. ಹಿರಿಯರ ಮಾತು ಮೀರಬಾರದೆಂದು ವಿಚಾರಿಸಿದೆ. ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ತಿಳಿದದ್ದು, ಇಂಡಿಯ ರೇಟು ಇಂಡಿಯಲ್ಲಿ ಇಲ್ಲ. "ಬಿಜಾಪುರದಾಗ ಇಂಥಾ ಎರಡು ಖೋಲಿಗೆ ಎಷ್ಟ್ ಕೇಳ್ತಾರ ಗೊತ್ತೇನ್ರಿ?" ಎಂಬಲ್ಲಿಂದಲೇ ಲೆಕ್ಕ ಶುರು. ಸಿಂದಗಿಯವರು ಕಲಬುರಗಿಯತ್ತ ಕೈ ತೋರಿಸುತ್ತಾರೆ, ಮುದ್ದೇಬಿಹಾಳದವರು ಬಾಗಲಕೋಟೆಯ ನವನಗರದತ್ತ. ಬಾಗೇವಾಡಿಯವರಿಗೆ ಅಷ್ಟು ದೂರದ ಮಾತು ಬೇಡ, ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರ ಸಮೀಪದಲ್ಲೇ ಇದೆ. ಅಲ್ಲಿಯ ಇಂಜಿನಿಯರ್ ಕೊಡುವಷ್ಟನ್ನು ಕನ್ನಡ ಸಾಲಿಯ ಮಾಸ್ತರರೂ ಕೊಡಬೇಕು. ಹೊಗೆ ಇಬ್ಬರಿಗೂ ಒಂದೇ ತಾನೇ? ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿಗಳು ತಾಲ್ಲೂಕಾದಾಗ ಅಲ್ಲಿಯ ಮಾಲಕರು "ಈಗ ನಮ್ದೂ ತಾಲ್ಲೂಕ್ರಿ" ಎಂದರು. ಒಪ್ಪೋಣ. ಹಾಗಾದರೆ ಅವನ್ನು ಕಳೆದುಕೊಂಡು ಚಿಕ್ಕದಾದ ನಿಮ್ಮ ನಾಲ್ಕು ಹಳೇ ತಾಲ್ಲೂಕುಗಳಲ್ಲಿ ಬಾಡಿಗೆ ಇಳಿಯಬೇಕಿತ್ತಲ್ಲ? ಈ ತರ್ಕ ಯಾರಿಗೂ ಹೊಳೆದಂತಿಲ್ಲ.

ಇಂಡಿಯ ಲಿಂಬೆಗೆ ದಿನದ ರೇಟು ಉಂಟು, ತೊಗರಿಗೆ ಎಪಿಎಂಸಿಯಲ್ಲಿ ಉಂಟು. ಮನೆಗೆ ಮಾತ್ರ ಯಾವ ಬೋರ್ಡಿನಲ್ಲೂ ಇಲ್ಲ. ಹಾಗಾಗಿ ಗ್ಯಾಸ್ ಸಿಲಿಂಡರ್ ತರುವವನನ್ನು, ಹೆಸ್ಕಾಂ ಮೀಟರ್ ಓದುವವನನ್ನು, ಓಣಿಯ ಕಿರಾಣಿ ಅಂಗಡಿಯವರನ್ನು ಹಿಡಿದೆ. ಯಾವ ಮನೆಗೆ ಉಗಾದಿಯಿಂದ ಸಿಲಿಂಡರ್ ಹೋಗಿಲ್ಲ, ಯಾವ ಮೀಟರು ತಿರುಗದೆ ನಿಂತಿದೆ ಎಂಬುದು ಇವರಿಗೆ ಗೊತ್ತು. ಇವರಿಂದ ತಿಳಿದ ಸತ್ಯ: ಊರಲ್ಲಿ ಎರಡು ರೇಟುಗಳಿವೆ. ಒಂದು ಮಾಲಕರು ಕಟ್ಟೆಯ ಮೇಲೆ ಕೂತು ಹೇಳುವುದು, ಇನ್ನೊಂದು ಹಿಂದಿನ ಬಾಡಿಗೆದಾರ ನಿಜವಾಗಿ ಕೊಟ್ಟು ಹೋದದ್ದು. ನೀವು ಉದಾಹರಣೆ ಕೊಟ್ಟ ಆ ಪಕ್ಕದ ಓಣಿಯ ಮನೆ ಮೊದಲ ರೇಟಿನದು. ಅದಕ್ಕೇ ಇನ್ನೂ ಬೀಗ ಹಾಕಿದೆ.

ಒಂದು ಲೆಕ್ಕ ಮಾಡೋಣ. ಬಾಡಿಗೆ 5,000 ರೂಪಾಯಿ, ನೀವು ಕೇಳುವುದು 5,500 ಎನ್ನಿ. ನಾನು ಬಿಟ್ಟುಹೋಗಿ ಮನೆ ಒಂದೇ ತಿಂಗಳು ಖಾಲಿ ಬಿದ್ದರೆ, ಉಳಿದ ಹತ್ತು ತಿಂಗಳಿಗೆ ನಿಮಗೆ ಬರುವುದು 55,000. ಹಳೇ ಬಾಡಿಗೆಗೇ ನಾನು ಕೂತರೆ ಹನ್ನೊಂದು ತಿಂಗಳಿಗೆ ಬರುವುದೂ 55,000. ಸುಣ್ಣ ಬಳಿಸುವ ಖರ್ಚು ನಿಮ್ಮದು.

ಹನ್ನೊಂದು ತಿಂಗಳು ಎಂದೆ. ನಮ್ಮ ಹಿರಿಯರ ಪಂಚಾಂಗದಲ್ಲಿ ಅಧಿಕ ಮಾಸ ಬರುತ್ತದೆ, ನಿಮ್ಮದರಲ್ಲಿ ವರ್ಷ ವರ್ಷವೂ ಕ್ಷಯ ಮಾಸ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದನ್ನು ತಪ್ಪಿಸಲು ಒಂದು ತಿಂಗಳು ಕತ್ತರಿಸಿದಿರಿ, ಸರಿ. ಆದರೆ ಹೀಗೆ ಹನ್ನೊಂದು ವರ್ಷದಲ್ಲಿ ಹನ್ನೆರಡು ಸಲ ಬಾಡಿಗೆ ಏರುತ್ತದೆ. ಸಲಕ್ಕೆ ಶೇ. 10ರಂತೆ ಏರಿದರೆ ಎಂಟನೆಯ ಸಲಕ್ಕೇ ದುಪ್ಪಟ್ಟು ದಾಟುತ್ತದೆ. ನನ್ನ ಇನ್‌ಕ್ರಿಮೆಂಟಿಗೆ ಮಾತ್ರ ಇನ್ನೂ ಹನ್ನೆರಡು ತಿಂಗಳು ಬೇಕು.

ನನ್ನ ಸಂಬಳ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ರಾಜ್ಯದ ಏಳನೇ ವೇತನ ಆಯೋಗದ ಕನಿಷ್ಠ ಮೂಲವೇತನ 27,000, ನಮ್ಮಂಥ ಸಣ್ಣ ಊರಿಗೆ ಮನೆ ಬಾಡಿಗೆ ಭತ್ಯೆ ಶೇ. 7.5. ಲೆಕ್ಕ ಹಾಕಿದರೆ ಭತ್ಯೆ 2,025 ರೂಪಾಯಿ. ಇತ್ತ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ದೊಡ್ಡ ನಗರಗಳನ್ನು ಬಿಟ್ಟರೆ, ತಿಂಗಳಿಗೆ 2,000 ರೂಪಾಯಿ ಮೀರಿದ ಮನೆಯ ತಂಟೆಗೇ ಬರುವುದಿಲ್ಲ. ಅಂದರೆ ಕನಿಷ್ಠ ವೇತನದ ಜವಾನನೂ ಕಾಯ್ದೆಯ ರಕ್ಷಣೆಯಿಂದ 25 ರೂಪಾಯಿ ಆಚೆ ನಿಲ್ಲುವಂತೆ ಸರ್ಕಾರ ಅಳೆದು ಕೊಟ್ಟಿದೆ. ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ ಉಳಿದದ್ದನ್ನೂ ನೀವು ನೆನಪಿಟ್ಟಿದ್ದೀರಿ. "ಅದು ಉಳೀತಲ್ರಿ, ಇತ್ಲಾಗ ಕೊಡ್ರಿ" ಎಂದದ್ದು ಮುಖ್ಯಮಂತ್ರಿಗಳಿಗೆ ಕೇಳಿಸಿದ್ದರೆ ಯೋಜನೆಯ ಹೆಸರನ್ನೇ ಬದಲಿಸುತ್ತಿದ್ದರು.

ಇಷ್ಟೆಲ್ಲ ಜಾಲಾಡಿದರೂ ಒಂದು ಪ್ರಶ್ನೆ ಲೆಕ್ಕ ಕೆಡಿಸುತ್ತದೆ: "ಅಡ್ಡಹೆಸರೇನ್ರಿ?" ಉತ್ತರ ನೋಡಿಕೊಂಡು ಅದೇ ಮನೆ ಒಬ್ಬರಿಗೆ ಖಾಲಿ ಇರುತ್ತದೆ, ಮತ್ತೊಬ್ಬರಿಗೆ "ನಿನ್ನೇನೇ ಹೋತ್ರಿ". ಬೇರೆಲ್ಲೂ ಸಿಗದವರು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಕಡಿಮೆ ಸೌಲಭ್ಯದ ಮನೆಗೆ ಹೆಚ್ಚು ಬಾಡಿಗೆ ಕೊಡುತ್ತಾರೆ. ಆ ಹೆಚ್ಚುವರಿ ಹಣಕ್ಕೆ ಯಾವ ರಸೀದಿಯೂ ಇಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲೂ ಈ ಪ್ರಶ್ನೆ ಕೇಳುವಾಗ ಯಾರ ನಾಲಿಗೆಯೂ ತಡವರಿಸಿದ್ದು ಕಾಣೆ.

ನೀರಿನ ಮಾತು ಎತ್ತುವುದಿಲ್ಲ. ಆಲಮಟ್ಟಿಯಲ್ಲಿ 123 ಟಿಎಂಸಿ ನಿಲ್ಲುವ ಜಿಲ್ಲೆಯಲ್ಲಿ ನಳ ಯಾವಾಗ ಬರುತ್ತದೆಂದು ಕೇಳುವುದು ಮರ್ಯಾದೆಯಲ್ಲ.

ಇನ್ನು ನನ್ನ ಬೇಡಿಕೆ. ಹೆಚ್ಚಿಸಿ, ಬೇಡವೆನ್ನಲಾರೆ, ಸಿಮೆಂಟು, ಗೌಂಡಿಯ ಕೂಲಿ ಏರಿದ್ದು ನನಗೂ ಕಾಣುತ್ತದೆ. ಆದರೆ ನಮ್ಮ ಓಣಿಯಲ್ಲಿ, ನಮ್ಮಂಥದೇ ಮನೆಗೆ, ಈ ವರ್ಷ ಕೈಬದಲಾದ ರೊಕ್ಕ ತೋರಿಸಿ ಹೆಚ್ಚಿಸಿ. ಬಿಜಾಪುರದ ಬಾಡಿಗೆ ಬೇಕಾದರೆ ಬಿಜಾಪುರದಲ್ಲಿ ಮನೆ ಕಟ್ಟಿಸಿರಿ.

ಓದುತ್ತಿರುವ ಬಾಡಿಗೆದಾರ ಬಂಧುಗಳೇ, ನಿಮಗೂ ಒಂದು ಮಾತು. ಸಹೋದ್ಯೋಗಿಗಳ ಮುಂದೆ ಬಾಡಿಗೆಯನ್ನು ಸುಳ್ಳು ಹೇಳುವುದು ಬಿಡಿ. ಜಂಬಕ್ಕೆ ನೀವು ಏರಿಸಿ ಹೇಳಿದ ಅಂಕಿಯನ್ನೇ ಮಾಲಕರು ನನ್ನ ಮುಂದೆ ಸಾಕ್ಷಿ ನಿಲ್ಲಿಸುತ್ತಾರೆ. ಮನೆ ಬಿಡುವ ದಿನ ಅಡಿಗಿಮನಿ ಬಾಗಿಲಿನ ಹಿಂದೆ, ಕೊನೆಗೆ ಕೊಟ್ಟ ಬಾಡಿಗೆ ಮತ್ತು ಡಿಪಾಜಿಟ್ ಎಷ್ಟು ವಾಪಸು ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಹೋಗಿ.

ಇಂತಿ,
ನಿಮ್ಮ ಎರಡು ಖೋಲಿಯ ಬಾಡಿಗೆದಾರ