ನಲವತ್ತು ತಲೆಯ ದೆವ್ವ

ಬೆಂಗಳೂರಿನ ಕೆಲಸ ಬಿಟ್ಟು ಭೀಮನಬೀಡಿಗೆ ವಾಪಸಾದ ನಮ್ಮಣ್ಣನ ಮಗ ಹಟ್ಟಿಯೊಳಗೆ ದೆವ್ವ ಸಾಕುತ್ತಿದ್ದಾನೆ ಎಂಬ ಸುದ್ದಿ ಊರು ಸುತ್ತಲು ಎರಡು ದಿನವೂ ಹಿಡಿಯಲಿಲ್ಲ. ಕದ ಹಾಕಿಕೊಂಡು ಕೂತಿರುತ್ತಾನೆ, ನಡುರಾತ್ರಿ ಹೆಂಗಸು ಕಿರುಚಿದ ಸದ್ದು ಬರುತ್ತದೆ, ಬೆಳಿಗ್ಗೆ ಕಣ್ಣು ಕೆಂಪು. ವಿಚಾರಿಸಿದರೆ ಅವನು ಮಾಡುತ್ತಿದ್ದುದು ಹಾರರ್ ವಿಡಿಯೋ ಗೇಮು. ಕಂಪನಿ ಗಿಂಪನಿ ಇಲ್ಲದೆ ಒಬ್ಬನೇ ಕೂತು ಮಾಡಿದರೆ ಅದಕ್ಕೆ ಇಂಡಿ ಗೇಮ್ ಅನ್ನುತ್ತಾರಂತೆ. ವಿಜಯಪುರ ಜಿಲ್ಲೆಯ ಇಂಡಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ನಿಂಬೆಹಣ್ಣಾದರೂ ಬೆಳೆಯುತ್ತದೆ.

ಆಟ ಮುಗಿದಿದೆ, ಇನ್ನು ಸ್ಟೀಮ್ ಎಂಬ ಅಂಗಡಿಗೆ ಇಳಿಸಬೇಕು. ಒಂದು ಆಟಕ್ಕೆ 100 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಸರಕು ಇಡಬಹುದು. ಯಾರು ಬೇಕಾದರೂ ಇಡಬಹುದು ಅಂದಮೇಲೆ ಎಲ್ಲರೂ ಇಟ್ಟಿದ್ದಾರೆ: 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಆಟ, ದಿನಕ್ಕೆ ಐವತ್ತರ ಲೆಕ್ಕ. ಗಿರಾಕಿ ಆಟ ಆಡಿ ನೋಡಿ ಕೊಳ್ಳುವುದಿಲ್ಲ. ಸಾಲಾಗಿ ಜೋಡಿಸಿದ ಪುಟಾಣಿ ಚಿತ್ರಗಳ ಮೇಲೆ ಕಣ್ಣಾಡಿಸಿ, ಒಂದರ ಮೇಲೆ ಬೆರಳಿಡುತ್ತಾನೆ. ಥಂಬ್‌ನೇಲ್. ಹೆಬ್ಬೆರಳಿನ ಉಗುರು. ಕೆಲವು ಕಡೆ ಅದು ಅಗಲಕ್ಕೆ 120 ಚುಕ್ಕೆ, ಎತ್ತರಕ್ಕೆ 45 ಚುಕ್ಕೆಗೆ ಕುಗ್ಗುತ್ತದೆ. ಎರಡು ವರ್ಷದ ನಿದ್ದೆಗೆಟ್ಟ ದುಡಿಮೆ ಬೆಂಕಿಪೊಟ್ಟಣದ ಚೀಟಿಗಿಂತ ಸಣ್ಣ ಜಾಗದಲ್ಲಿ ಗಿರಾಕಿಯನ್ನು ಹೆದರಿಸಬೇಕು.

‘ಚಿಕ್ಕಪ್ಪ, ಚಿತ್ರ ಮಾಡ್ಕೊಡೋರು ಯಾರಾದ್ರೂ ಗೊತ್ತಾ?’ ಅಂದ. ನಾನು ಗುಂಡ್ಲುಪೇಟೆಯ ಒಂದು ಫ್ಲೆಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಎಡವಟ್ಟು ಅಲ್ಲಿಂದ ಶುರು.

‘ಸೈಜು?’

‘ನೂರಿಪ್ಪತ್ತು, ನಲವತ್ತೈದು.’

‘ಅಡಿ?’ ಅಂಗಡಿಯವನು ಎದ್ದು ನಿಂತ. ಅಷ್ಟು ದೊಡ್ಡ ಆರ್ಡರು ಅವನಿಗೆ ಎಲೆಕ್ಷನ್ನಿನಲ್ಲೂ ಬಂದಿರಲಿಲ್ಲ. ಪಿಕ್ಸೆಲ್ ಎಂದು ತಿಳಿಸಿ ಹೇಳುವಷ್ಟರಲ್ಲಿ ಟೀ ಬಂದಿತ್ತು. ಕುಡಿದ ಮೇಲೆ ಬಿಟ್ಟು ಬರುವುದು ಮರ್ಯಾದೆಯಲ್ಲ.

ಅವನಿಗೆ ಒಂದೇ ವಿನ್ಯಾಸ ಗೊತ್ತು. ಮದುವೆ, ಹುಟ್ಟುಹಬ್ಬ, ಕಬಡ್ಡಿ, ತಿಥಿ, ಯಾವುದಕ್ಕಾದರೂ ಅದೇ. ಮೇಲೆ ದೇವರು, ನಡುವೆ ನಾಯಕರು ಕೈಮುಗಿದುಕೊಂಡು, ಕೆಳಗೆ ಶುಭ ಕೋರುವವರು ಕೂಲಿಂಗ್ ಗ್ಲಾಸ್ ಹಾಕಿಕೊಂಡು. ದೆವ್ವಕ್ಕೆ ನಾಯಕರ ಜಾಗ ಸಿಕ್ಕಿತು. ಅಷ್ಟರಲ್ಲಿ ಊರಿನ ಹುಡುಗ ಅಮೆರಿಕದ ಅಂಗಡಿಗೆ ಸರಕು ಹಾಕುತ್ತಿದ್ದಾನೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ಗೆ ಬಿದ್ದು, ಸಂಜೆಯೊಳಗೆ ನಲವತ್ತು ಜನರ ಫೋಟೋ ಬಂದವು. ನಾನು ಅಲ್ಲೇ ಲೆಕ್ಕ ಹಾಕಿದೆ. ಚಿತ್ರದಲ್ಲಿರುವುದು ಒಟ್ಟು 5,400 ಚುಕ್ಕೆ. ನಲವತ್ತರಿಂದ ಭಾಗಿಸಿದರೆ ತಲೆಗೆ 135. ಹನ್ನೊಂದು ಚುಕ್ಕೆ ಅಗಲದ ಮೋರೆಯಲ್ಲಿ ಮೀಸೆ ಯಾವುದು, ಮೂಗು ಯಾವುದು ಎಂದು ಹೆತ್ತತಾಯಿಗೂ ತಿಳಿಯುವುದಿಲ್ಲ. ದೆವ್ವಕ್ಕಂತೂ ಜಾಗವೇ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಶುಭ ಕೋರುವವರೊಬ್ಬರು, ‘ದೆವ್ವನ ಹಿಂದ್ಗಡೆ ನಿಲ್ಸಿ, ಅದೇನ್ ಓಟ್ ಹಾಕ್ತದ?’ ಅಂದರು.

ಸ್ಟೀಮ್‌ನವರು 2022ರ ಸೆಪ್ಟೆಂಬರ್ 1ರಿಂದ ಒಂದು ಕಟ್ಟುಪಾಡು ತಂದಿದ್ದಾರೆ. ಈ ಚಿತ್ರದಲ್ಲಿ ಆಟಕ್ಕೆ ಬಂದ ಅಂಕ, ಪಡೆದ ಪ್ರಶಸ್ತಿ, ಡಿಸ್ಕೌಂಟು, ಹೊಗಳಿಕೆ ಯಾವುದನ್ನೂ ಬರೆಯುವಂತಿಲ್ಲ. ಚಿತ್ರ ಮತ್ತು ಆಟದ ಹೆಸರು, ಅಷ್ಟೆ. ನಮ್ಮ ಹುಡುಗ ಇದನ್ನು ಓದಿ ಹೇಳಿದಾಗ ಫ್ಲೆಕ್ಸಿನವನು ನಿಜಕ್ಕೂ ಹೆದರಿದ. ‘ಹೊಗಳಂಗಿಲ್ವಾ? ಈ ರೂಲ್ಸು ಇಲ್ಲೂ ಬತ್ತದ?’ ಆಟ ಹೆದರಿಸಿದ ಮೊದಲ ಮನುಷ್ಯ ಅವನೇ.

ಇನ್ನು ಹೆಸರು. ಗ್ರಂಥಾಲಯದ ಕಟ್ಟೆಯಲ್ಲಿ ಸೇರಿದ ಪಂಡಿತರು ‘ರಕ್ತಪಿಪಾಸು ಅತೃಪ್ತಾತ್ಮ’ ಎಂದು ತೀರ್ಮಾನಿಸಿದರು. ಅಕ್ಷರಗಳಿಂದ ರಕ್ತ ತೊಟ್ಟಿಕ್ಕಬೇಕು ಎಂದೂ ಠರಾವಾಯಿತು. 45 ಚುಕ್ಕೆ ಎತ್ತರಕ್ಕೆ ಇಳಿಸಿದ ಕೂಡಲೇ ಮೊದಲು ಸತ್ತದ್ದು ಒತ್ತಕ್ಷರಗಳು. ಕನ್ನಡದ ಒತ್ತು ಸಾಲಿನ ಕೆಳಗೆ ಬಾವಲಿಯಂತೆ ಜೋತಾಡುವ ಜೀವ; ಜಾಗ ಸಾಲದೆ ಉದುರಿ, ತೊಟ್ಟಿಕ್ಕುವ ರಕ್ತದಲ್ಲಿ ಕಲಸಿಹೋಗಿ, ಉಳಿದದ್ದು ‘ರಕಪಿಪಾಸು ಅತಪಾತ’. ಮಂಡಿನೋವಿನ ಎಣ್ಣೆಗೆ ಇಡಬಹುದಾದ ಹೆಸರು.

ಎಐ ಕೈಲಿ ಮಾಡಿಸೋಣ ಎಂದು ಹೊರಟದ್ದೂ ಆಯಿತು. ಅದು ಕಪ್ಪು ಹಿನ್ನೆಲೆಯಲ್ಲಿ ಕೂದಲು ಕೆದರಿಕೊಂಡ ಬಿಳಿ ಸೀರೆ ಹೆಂಗಸನ್ನು, ಕೈಗೆ ಆರು ಬೆರಳಿಟ್ಟು ಕಳಿಸಿತು. ಸ್ಟೀಮ್‌ನಲ್ಲಿ 2024ರಿಂದ ಎಐ ಬಳಸಿದ್ದನ್ನು ಬರೆದು ಒಪ್ಪಿಸಬೇಕಂತೆ. ಆರನೇ ಬೆರಳು ಆ ಕೆಲಸ ಮೊದಲೇ ಮಾಡಿತ್ತು. ಅಲ್ಲದೆ ಹಾರರ್ ಸಾಲಿನ ತುಂಬ ಕಪ್ಪು, ಕೆಂಪು, ಕೆದರಿದ ಕೂದಲೇ. ಅಷ್ಟು ಜನ ಹೆಂಗಸರು ಒಟ್ಟಿಗೆ ತಲೆ ಬಿಟ್ಟುಕೊಂಡು ನಿಂತರೆ ದೆವ್ವದ ಅಂಜಿಕೆ ಹುಟ್ಟುವುದಿಲ್ಲ. ಶಾಂಪೂ ಜಾಹೀರಾತು ಅನ್ನಿಸುತ್ತದೆ.

ಇದೆಲ್ಲ ನೋಡುತ್ತ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ದೊಡ್ಡವ್ವ, ‘ಬೆರ್ಚಪ್ಪನಿಗೆ ಎಷ್ಟ್ ತಲ ಕನ ಮೊಗ?’ ಅಂತ ಕೇಳಿತು. ಹುಡುಗ ಥಟ್ಟನೆ ತಲೆ ಎತ್ತಿದ. ಹೊಲದ ಬೆರ್ಚಪ್ಪನಿಗೆ ಒಂದೇ ತಲೆ. ಮಸಿ ಹಿಡಿದ ಮಡಕೆ, ಅದರ ಮೇಲೆ ಸುಣ್ಣದ ಎರಡು ಬೊಟ್ಟು. ಅರ್ಧ ಫರ್ಲಾಂಗಿನಿಂದ ನೋಡುವ ಹಕ್ಕಿಗೆ ಬೆರ್ಚಪ್ಪನೂ ಹೆಬ್ಬೆರಳುಗುರಿನಷ್ಟೇ. ಕಣ್ಣು ಕಿರಿದು ಮಾಡಿ ನೋಡಿ, ಬಣ್ಣ ತೆಗೆದು ಕಪ್ಪುಬಿಳುಪಲ್ಲಿ ನೋಡಿ, ಆಗಲೂ ಆಕಾರ ನಿಂತರೆ ಚಿತ್ರ ಗೆದ್ದಂತೆ ಎಂದು ಥಂಬ್‌ನೇಲ್ ಕಸುಬಿನವರು ಕಲಿಸುತ್ತಾರಂತೆ. ಬೆರ್ಚಪ್ಪ ಹುಟ್ಟಿದ್ದೇ ಕಪ್ಪುಬಿಳುಪಲ್ಲಿ.

ಹೆದರಿಸಲೇಬೇಕೆಂದೂ ಇಲ್ಲ. 2018ರಲ್ಲಿ ನೆಲ್ಲೂರು ಕಡೆಯ ರೈತನೊಬ್ಬ ತನ್ನ ತರಕಾರಿ ಹೊಲಕ್ಕೆ ದೃಷ್ಟಿಯಾಗದಿರಲೆಂದು ಸನ್ನಿ ಲಿಯೋನ್ ಫ್ಲೆಕ್ಸ್ ಕಟ್ಟಿದ್ದ. ಹೋಗುವವರ ಕಣ್ಣು ಕೋಸಿನ ಮೇಲೆ ಬೀಳಲಿಲ್ಲವಂತೆ. ಥಂಬ್‌ನೇಲು ಅಂದರೆ ಅದು. ಒಂದೇ ತೊಂದರೆ, ನಮ್ಮ ಹುಡುಗನಿಗೆ ಜನ ಕೋಸನ್ನೂ ಕೊಳ್ಳಬೇಕು.

ನನ್ನ ಕೇಳಿದರೆ ಕರ್ನಾಟಕದಲ್ಲಿ ಇದುವರೆಗೆ ಬಂದ ಶ್ರೇಷ್ಠ ಹಾರರ್ ಥಂಬ್‌ನೇಲು ‘ನಾಳೆ ಬಾ’. ಹಳೆಯ ಮರದ ಬಾಗಿಲು, ಸೀಮೆಸುಣ್ಣ, ಮೂರಕ್ಷರ. ಒಂದೂ ಒತ್ತಿಲ್ಲ! ದೆವ್ವದ ಚಿತ್ರವಿಲ್ಲ, ರಕ್ತವಿಲ್ಲ, ಶುಭ ಕೋರುವವರಿಲ್ಲ. ಓದಿದವನಿಗೆ ಹುಟ್ಟುವುದು ಒಂದೇ ಪ್ರಶ್ನೆ, ಯಾರಿಗೆ ಹೇಳುತ್ತಿದ್ದಾರೆ? ಅದೇ ಐತಿಹ್ಯ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರವಾಗಿ ಕೋಟಿಗಟ್ಟಲೆ ಬಾಚಿತು. ನಮ್ಮ ದೆವ್ವ ದಿನವೂ ಬಂದು ಓದಿ ವಾಪಸು ಹೋಗುತ್ತಿತ್ತು. ರಾಯಲ್ಟಿ ಕೇಳಲು ಅದಕ್ಕೂ ತೋಚಲಿಲ್ಲ, ನಮಗೂ ತೋಚಲಿಲ್ಲ.

ಕಳೆದ ವರ್ಷ, 2025ರ ಕೊನೆಯಲ್ಲಿ, ಅರಣ್ಯ ಇಲಾಖೆಯೂ ಈ ಕಸುಬಿಗೆ ಇಳಿಯಿತು. ಬಂಡೀಪುರದ ಅಂಚಿನ ರೈತರಿಗೆ ಮನುಷ್ಯನ ಮೋರೆಯ ಮುಖವಾಡ ಹಂಚಿದರು. ಹುಲಿ ಹಿಂದಿನಿಂದ ಎರಗುವ ಪ್ರಾಣಿ. ಹಿಂದಲೆಗೆ ಮುಖ ಕಟ್ಟಿಕೊಂಡರೆ ‘ನೋಡಿಬಿಟ್ಟ’ ಎಂದು ಹಿಂಜರಿಯುತ್ತದೆ ಎಂಬ ಲೆಕ್ಕ. ಸುಂದರಬನದಲ್ಲಿ 1980ರ ದಶಕದಲ್ಲೇ ಇದನ್ನು ಮಾಡಿದ್ದರು. ಮೊದಮೊದಲು ಹುಲಿ ಮೇಲೆ ಎರಗಲಿಲ್ಲ, ಬರಬರುತ್ತ ಅದಕ್ಕೆ ಗುಟ್ಟು ತಿಳಿಯಿತು ಅನ್ನುತ್ತಾರೆ. ಹಾರರ್ ಆಟದ ಗಿರಾಕಿಯೂ ಅದೇ ಜಾತಿ. ಬಾಯಿ ತೆರೆದ ಬಿಳಿ ಮುಖಕ್ಕೆ ಒಂದು ಕಾಲದಲ್ಲಿ ಬೆಚ್ಚಿದ್ದ; ಈಗ ಆಕಳಿಸುತ್ತ ಮುಂದೆ ಹೋಗುತ್ತಾನೆ.

ಹುಡುಗ ಕೊನೆಗೆ ಎಲ್ಲ ಬಿಟ್ಟು ಕ್ಯಾಮೆರಾ ಹಿಡಿದು ಹೊಲಕ್ಕೆ ಹೋದ. ಚೆಂಡುಹೂವಿನ ಕಾಲ. ಕೇರಳದ ಓಣಂಗೆ ಅಂತ ಬೆಳೆದ ಹಳದಿ ಕಣ್ಣಿಗೆ ಹೊಡೆಯುವಂತೆ ನಿಂತಿತ್ತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಸೆಲ್ಫಿಗೆ ನುಗ್ಗುವವರ ಹತ್ತಿರ ಕಾಸು ವಸೂಲಿ ಮಾಡುವಷ್ಟು ನಮ್ಮ ರೈತರೂ ಈಗ ಥಂಬ್‌ನೇಲು ಬಲ್ಲವರು. ಅವನು ತೆಗೆದದ್ದು ಹೂವಿನ ಸಾಲಿನ ನಡುವಿನ ಹಸಿಮಣ್ಣು. ಅದರಲ್ಲಿ ಯಾರೋ ಬಿಟ್ಟು ಓಡಿದ ಒಂದೇ ಒಂದು ಹವಾಯಿ ಚಪ್ಪಲಿ, ಪಕ್ಕದಲ್ಲಿ ಅಂಗೈಯಗಲದ ಹೆಜ್ಜೆ ಗುರುತು. ಅಷ್ಟೆ. ಹಾರರ್ ಆಟಗಳ ಕಪ್ಪು ಸಾಲಿನ ನಡುವೆ ಹಳದಿ. 120 ಚುಕ್ಕೆಗೆ ಇಳಿಸಿದೆವು. ಚಪ್ಪಲಿ ಚಪ್ಪಲಿಯಾಗಿ, ಹೆಜ್ಜೆ ಹೆಜ್ಜೆಯಾಗಿ ಉಳಿಯಿತು. ಆಟಕ್ಕೆ ‘ಹೆಜ್ಜೆ’ ಎಂದೇ ಹೆಸರಿಡೋಣ, ಒತ್ತು ಒಂದೇ, ಹೇಗೋ ಬದುಕುತ್ತದೆ ಅಂದೆ. ಅದನ್ನು ಊರಿನ ಗುಂಪಿಗೆ ಹಾಕಿದ ಅರ್ಧ ಗಂಟೆಗೆ, ‘ಎಲ್ಲಿ? ಯಾರ ಹೊಲ? ಯಾರ ಚಪ್ಲಿ?’ ಎಂದು ಎಪ್ಪತ್ತು ಮೆಸೇಜು. ಆ ರಾತ್ರಿ ನೀರು ಕಟ್ಟಲು ಯಾರೂ ಹೋಗಲಿಲ್ಲ.

ಮಾರನೆಯ ದಿನ ಅಕ್ಷರ ಕೂರಿಸಲು ಮತ್ತೆ ಫ್ಲೆಕ್ಸ್ ಅಂಗಡಿಗೆ ಹೋದೆವು. ಅವನು ಚಿತ್ರವನ್ನು ಹಿಗ್ಗಿಸಿದ, ಕುಗ್ಗಿಸಿದ, ನಮ್ಮನ್ನು ಕನಿಕರದಿಂದ ನೋಡಿದ.

‘ಸಾ, ಖಾಲಿ ಖಾಲಿ ಹೊಡೀತದ. ಹುಲಿ ಫೋಟೋ ಸಿಕ್ನಿಲ್ವಾ? ನನ್ ಹತ್ರ ಅದ, ಬಾಯಿ ತಕ್ಕೊಂಡಿರೋದು. ಕೂರಿಸ್ಬುಡ್ಲಾ?’